ತೊಳೆದಷ್ಟೂ ಬೆಳೆಯುವ ಭಯ

ನಲ್ಲಿ ನೀರು ಬರುವ ದಿನಕ್ಕೆ ಕಾದು ಡ್ರಮ್ಮು, ಬಿಂದಿಗೆ ತುಂಬಿಸಿಟ್ಟುಕೊಳ್ಳುವ ಬಳ್ಳಾರಿಯ ಮನೆಗಳಲ್ಲಿ ಗೀಳು ರೋಗ ಎಷ್ಟೋ ಸಲ ಮೊದಲು ಸಿಕ್ಕಿಬೀಳುವುದು ನೀರಿನ ಲೆಕ್ಕದಲ್ಲಿ. ವಾರಕ್ಕಾಗಬೇಕಾದ ನೀರು ಎರಡೇ ದಿನಕ್ಕೆ ಖಾಲಿ. ಒಳಗೆ ಹೋದವರು ತಾಸು ಕಳೆದರೂ ಬಚ್ಚಲ ಬಾಗಿಲು ತೆಗೆಯುವುದಿಲ್ಲ. ಬೆರಳ ಸಂದಿ ಬಿಳಿಚಿ ಸಿಪ್ಪೆ ಎದ್ದಿರುತ್ತದೆ. ‘ಅಕೀಗೆ ಮಡಿ ಜಾಸ್ತಿ’ ಎಂದು ಮನೆಯವರು ವರ್ಷಗಟ್ಟಲೆ ತಳ್ಳಿಹಾಕುತ್ತಾರೆ. ಮಡಿ ಮಾಡುವವರಿಗೆ ಮಡಿ ಮುಗಿದ ಮೇಲೆ ನೆಮ್ಮದಿ ಇರುತ್ತದೆ. ಈ ರೋಗದಲ್ಲಿ ಮುಗಿಯಿತು ಎನ್ನುವುದೇ ಬರುವುದಿಲ್ಲ.

ತೊಳೆಯುವುದು ಇದರ ಒಂದು ಮುಖ ಮಾತ್ರ. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಬಸ್ ಸ್ಟ್ಯಾಂಡಿನಿಂದ ಮನೆಗೆ ಹಿಂದಿರುಗುವವರಿದ್ದಾರೆ. ಜೀನ್ಸ್ ಹೊಲಿಯುವ ಘಟಕದಲ್ಲಿ ಒಂದೇ ಹೊಲಿಗೆಯನ್ನು ಹತ್ತು ಸಲ ಬಿಚ್ಚಿ ನೋಡಿ ಕೂಲಿ ಕಳೆದುಕೊಳ್ಳುವವರಿರಬಹುದು. ರಸ್ತೆಯ ಗುಂಡಿಗೆ ಚಕ್ರ ಇಳಿದದ್ದಕ್ಕೆ ಯಾರ ಮೇಲೋ ಹತ್ತಿಸಿಬಿಟ್ಟೆನೇನೋ ಎಂದು ಟ್ರ್ಯಾಕ್ಟರ್ ತಿರುಗಿಸಿ ನೋಡಿಬರುವವರು, ಕುರುಗೋಡಿನ ದೊಡ್ಡಬಸವೇಶ್ವರನ ಮುಂದೆ ಕೈಮುಗಿದ ಹೊತ್ತಿಗೇ ದೇವರ ಬಗ್ಗೆ ಹೊಲಸು ಯೋಚನೆ ನುಗ್ಗಿ ‘ತಪ್ಪಾಯ್ತು, ತಪ್ಪಾಯ್ತು’ ಎಂದು ಮನಸ್ಸಿನಲ್ಲೇ ನೂರು ಸಲ ಹೇಳಿಕೊಳ್ಳುವವರು ಕೂಡ ಇದೇ ರೋಗದವರು. ಕೂಸಿಗೆ ಎಲ್ಲಿ ಏನು ಮಾಡಿಬಿಡುತ್ತೇನೋ ಎಂಬ ಹೆದರಿಕೆಗೆ ಈಳಿಗೆಮಣೆಯನ್ನೇ ಬಚ್ಚಿಡುವ ಬಾಣಂತಿಯೂ ಅಷ್ಟೇ. ಆಕೆ ಕ್ರೂರಿಯಲ್ಲ. ಆ ಯೋಚನೆ ಅವಳಿಗೆ ಅಷ್ಟು ಅಸಹ್ಯವಾದದ್ದಕ್ಕೇ ಅಷ್ಟು ಕಾಡುತ್ತದೆ.

ಇಂಥ ಯೋಚನೆ ಬರುವುದು ರೋಗವಲ್ಲ. ರಾಕ್‌ಮನ್ ಮತ್ತು ಡಿ ಸಿಲ್ವಾ ಎಂಬ ಮನಶ್ಶಾಸ್ತ್ರಜ್ಞರು 1978ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಯಾವ ಕಾಯಿಲೆಯೂ ಇಲ್ಲದ ಬಹುಪಾಲು ಜನಕ್ಕೂ ಇಂಥವೇ ಬೇಡದ ಯೋಚನೆಗಳು ಬರುತ್ತವೆ ಎಂದು ಕಂಡುಬಂತು. ಉಳಿದವರು ‘ಛೀ’ ಎಂದು ಮುಂದೆ ಹೋಗುತ್ತಾರೆ. ಗೀಳು ಇರುವವರು ಅದಕ್ಕೆ ಅರ್ಥ ಹಚ್ಚುತ್ತಾರೆ, ಓಡಿಸಲು ನೋಡುತ್ತಾರೆ. ಮದ್ದು ಕುಡಿಯುವಾಗ ಮಂಗನನ್ನು ನೆನೆಯಬೇಡ ಎಂದಂತೆ, ಓಡಿಸಿದಷ್ಟೂ ಅದೇ ಬರುತ್ತದೆ. ಎದೆ ಡವಡವ ಅನ್ನುತ್ತದೆ. ಆಗ ಕೈ ತೊಳೆದರೆ, ಬೀಗ ಎಳೆದು ನೋಡಿದರೆ, ಐದು ನಿಮಿಷ ಹಾಯೆನಿಸುತ್ತದೆ. ತೊಳೆದದ್ದಕ್ಕೇ ಅನಾಹುತ ತಪ್ಪಿತು ಎಂಬ ಪಾಠವನ್ನು ಮಿದುಳು ಕಲಿಯುವುದು ಈ ಐದು ನಿಮಿಷದಲ್ಲಿ. ಮುಂದಿನ ಸಲ ಒಮ್ಮೆ ತೊಳೆದರೆ ಸಾಲುವುದಿಲ್ಲ, ಮೂರು ಸಲ ಬೇಕಾಗುತ್ತದೆ. ಒಂದು ಮಾತಿನಲ್ಲಿ ಹೇಳುವುದಾದರೆ, ಭಯ ಕಳೆಯಲೆಂದು ಮಾಡುವ ಕೆಲಸವೇ ಭಯವನ್ನು ಸಾಕುತ್ತದೆ. ‘ಗಟ್ಟಿ ಮನಸ್ಸು ಮಾಡು’ ಎಂಬ ಬುದ್ಧಿಮಾತು ಇಲ್ಲಿ ಕೆಲಸ ಮಾಡದಿರುವುದು ಇದಕ್ಕೇ. ರೋಗಿಗೂ ಇದು ಅತಿಯಾಯಿತು ಎಂದು ಸಾಮಾನ್ಯವಾಗಿ ಗೊತ್ತಿರುತ್ತದೆ.

ಚಿಕಿತ್ಸೆ ಈ ಸರಪಳಿಯನ್ನು ಕಡಿಯುವುದು ತೊಳೆಯುವ ಕಡೆಯಿಂದ, ಯೋಚನೆಯ ಕಡೆಯಿಂದಲ್ಲ. 1966ರಲ್ಲಿ ಲಂಡನ್ನಿನ ವಿಕ್ಟರ್ ಮೇಯರ್ ಇಬ್ಬರು ರೋಗಿಗಳಲ್ಲಿ ಮಾಡಿ ತೋರಿಸಿದ ವಿಧಾನ ಇಂದಿಗೂ ಇದರ ಮುಖ್ಯ ಮನೋಚಿಕಿತ್ಸೆ. ಭಯಪಡುವುದನ್ನು ಬೇಕೆಂದೇ ಎದುರಿಸಬೇಕು, ಎದುರಿಸಿದ ಮೇಲೆ ತೊಳೆಯುವುದು, ನೋಡುವುದು, ಕೇಳುವುದು ಯಾವುದನ್ನೂ ಮಾಡಬಾರದು.

ಸಿರುಗುಪ್ಪದ ಕಡೆ ಭತ್ತದ ಗದ್ದೆಗೆ ಎಣ್ಣೆ ಹೊಡೆಯುವ ಕಾಲದಲ್ಲಿ ಇದು ಹೇಗೆ ನಡೆಯುತ್ತದೆ ಎಂದು ಊಹಿಸಿಕೊಳ್ಳಿ. ಕೀಟನಾಶಕ ನಿಜಕ್ಕೂ ವಿಷ. ಹೊಡೆದು ಬಂದವರು ಸ್ನಾನ ಮಾಡಬೇಕು, ಆ ಬಟ್ಟೆಯನ್ನು ಬೇರೆಯಾಗಿ ಒಗೆಯಬೇಕು. ಅಲ್ಲಿಗೆ ಎಚ್ಚರಿಕೆ ಮುಗಿಯಿತು. ಗಂಡ ಮುಟ್ಟಿದ ಗೇಟಿನ ಚಿಲಕ, ದಲಾಲಿ ಅಂಗಡಿಯಿಂದ ತಂದ ನೋಟು, ಅವನು ಸ್ನಾನ ಮಾಡಿಬಂದು ಕೂತ ಮಂಚ ಎಲ್ಲವನ್ನೂ ತೊಳೆಯುವಲ್ಲಿಂದ ಗೀಳು ಶುರು. ಚಿಕಿತ್ಸಕರು ವಿಷದ ಡಬ್ಬಿ ಮುಟ್ಟಿ ಎನ್ನುವುದಿಲ್ಲ; ಪಕ್ಕದ ಮನೆಯವರು ದಿನಾ ಸಹಜವಾಗಿ ಮುಟ್ಟುವುದನ್ನು ಮುಟ್ಟಿ ಎನ್ನುತ್ತಾರೆ. ರೋಗಿಯೂ ಚಿಕಿತ್ಸಕರೂ ಕೂತು ಒಂದು ಪಟ್ಟಿ ಮಾಡುತ್ತಾರೆ. ಚಿಲಕಕ್ಕೆ ನೂರರಲ್ಲಿ 30ರಷ್ಟು ಭಯ, ನೋಟಿಗೆ 50, ಮಂಚಕ್ಕೆ 70, ಒಗೆದ ಅಂಗಿ ಮಡಚಿ ಅದೇ ಕೈಯಲ್ಲಿ ರೊಟ್ಟಿ ತಿನ್ನುವುದಕ್ಕೆ 90. ಕೆಳಗಿನಿಂದ ಶುರು. ಚಿಲಕ ಹಿಡಿದು, ಕೈಯನ್ನು ಸೆರಗಿಗೂ ಒರೆಸದೆ ಕೂರಬೇಕು. ಮೊದಲು ಭಯ ಏರುತ್ತದೆ, ಬೆವರು ಬರುತ್ತದೆ. ಸಾಮಾನ್ಯವಾಗಿ ಅರ್ಧ ತಾಸಿನಿಂದ ಒಂದು ತಾಸಿನೊಳಗೆ ತಾನಾಗಿ ಇಳಿಯುತ್ತದೆ. ಒಂದು ದಿನ ಇಳಿಯದಿದ್ದರೂ ನಷ್ಟವಿಲ್ಲ: ತೊಳೆಯಲಿಲ್ಲ, ಏನೂ ಆಗಲಿಲ್ಲ, ಸಂಕಟವನ್ನು ತಡೆದುಕೊಂಡೆ ಎಂಬುದು ಮಿದುಳಿಗೆ ತಿಳಿದರೆ ಸಾಕು. ದಿನಾ ಮಾಡಬೇಕು. ಮನಸ್ಸಿನಲ್ಲೇ ‘ದೇವರೇ ಕಾಪಾಡು’ ಎಂದು ಎಣಿಸುತ್ತಾ ಚಿಲಕ ಹಿಡಿದರೆ ಅದೂ ತೊಳೆದಂತೆಯೇ, ಲೆಕ್ಕಕ್ಕಿಲ್ಲ.

ಇಲ್ಲಿ ಮನೆಯವರ ಪಾತ್ರ ದೊಡ್ಡದು, ಮತ್ತು ಎಡವುವುದೂ ಇಲ್ಲೇ. ‘ಅಮ್ಮಾ, ಗ್ಯಾಸ್ ಬಂದ್ ಆಗೈತಲ್ಲ?’ ಎಂದು ಮಗ ಕೇಳಿದಾಗ ‘ಆಗೈತಪ್ಪ’ ಎನ್ನುವುದು ಪ್ರೀತಿಯೇ. ಇಪ್ಪತ್ತನೇ ಸಲವೂ ಹಾಗೆಂದರೆ ತಾಯಿಯೇ ಗೀಳಿನ ಕೆಲಸಕ್ಕೆ ನಿಂತಂತಾಯಿತು. ಅವನ ಬದಲು ಬೀಗ ನೋಡಿಬರುವುದು, ಬಾಗಿಲಲ್ಲೇ ಬಟ್ಟೆ ಬದಲಿಸಿ ಒಳಬರುವುದು ಇದೇ ಜಾತಿಗೆ ಸೇರಿದ್ದು. ಹಾಗೆಂದು ಒಂದೇ ದಿನಕ್ಕೆ ಎಲ್ಲ ನಿಲ್ಲಿಸಿ ಬೈದರೆ ಮನೆ ರಣರಂಗವಾದೀತು. ರೋಗಿಯೊಡನೆ ಮೊದಲೇ ಮಾತಾಡಿಕೊಂಡು, ‘ಇದಕ್ಕೆ ಉತ್ತರ ಕೊಡಬಾರದು ಅಂತ ಇಬ್ಬರೂ ಒಪ್ಪಿಕೊಂಡೀವಲ್ಲ, ಇಲ್ಲೇ ನಿನ್ನ ಜತೀಗೆ ಕೂತಿರ್ತೀನಿ’ ಎನ್ನುವುದು ಸರಿಯಾದ ದಾರಿ.

ಮಾತ್ರೆಗಳ ವಿಷಯ. ಫ್ಲೂಆಕ್ಸಿಟಿನ್, ಸರ್ಟ್ರಲಿನ್, ಫ್ಲೂವಾಕ್ಸಮಿನ್ ಮೊದಲ ಸಾಲಿನವು. ಹಳೆಯದಾದ ಕ್ಲೋಮಿಪ್ರಮಿನ್ ಕೂಡ ಕೆಲಸ ಮಾಡುತ್ತದೆ, ಅಡ್ಡಪರಿಣಾಮ ತುಸು ಹೆಚ್ಚು. ಇವು ನಿದ್ದೆ ಮಾತ್ರೆಗಳಲ್ಲ, ಚಟ ಹಿಡಿಸುವುದಿಲ್ಲ. ಖಿನ್ನತೆಗೆ ಕೊಡುವುದಕ್ಕಿಂತ ಹೆಚ್ಚಿನ ಪ್ರಮಾಣ ಬೇಕಾಗುವುದು ಸಾಮಾನ್ಯ, ಗುಣ ಕಾಣಲು 8ರಿಂದ 12 ವಾರ ಹಿಡಿಯುತ್ತದೆ. ಮೊದಲ ದಿನಗಳಲ್ಲಿ ಹೊಟ್ಟೆ ತೊಳಸಿ ಲಾಭವೇನೂ ಕಾಣದಿದ್ದಾಗ ‘ಈ ಗುಳಿಗಿ ನನಗೆ ಹತ್ತಲಿಲ್ಲ’ ಎಂದು ಬಿಟ್ಟುಬಿಡುವುದೇ ದೊಡ್ಡ ತೊಡಕು. ಗುಣವಾದ ಮೇಲೂ ಒಂದೆರಡು ವರ್ಷ ಮುಂದುವರಿಸಬೇಕಾಗುತ್ತದೆ. ಬಿಡುವುದಾದರೆ ವೈದ್ಯರು ಹೇಳಿದಂತೆ ಹಂತಹಂತವಾಗಿ. ಬಸುರಿಯಾಗಿದ್ದರೆ, ಹೃದಯದ ತೊಂದರೆ ಇದ್ದರೆ ಮೊದಲೇ ಹೇಳಿ. ಮಾತ್ರೆಯ ಜತೆಗೆ ಭಯ ಎದುರಿಸುವ ಅಭ್ಯಾಸವೂ ನಡೆದರೆ ಹೆಚ್ಚಿನ ಫಲ. ಪೂರ್ತಿ ಅಳಿಸಿಹೋಗುತ್ತದೆ ಎಂಬ ಭರವಸೆ ಯಾರೂ ಕೊಡಲಾರರು. ಆದರೆ ದಿನಕ್ಕೆ ಐದು ತಾಸು ತಿನ್ನುತ್ತಿದ್ದದ್ದು ಕಾಲು ತಾಸಿಗಿಳಿದರೆ ಅದು ಬೇರೆಯೇ ಬದುಕು.

ಎಲ್ಲಿಗೆ ಹೋಗಬೇಕು? ಇದನ್ನು ಬಳ್ಳಾರಿಯವರಿಗೆ ಹೇಳಬೇಕಾಗಿ ಬಂದದ್ದೇ ಸೋಜಿಗ. ಮನೋರೋಗದ ಚಿಕಿತ್ಸೆಯನ್ನು ಬೆಂಗಳೂರಿನಿಂದ ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತರಬಹುದು ಎಂದು ನಿಮ್ಹಾನ್ಸ್ 1985ರಿಂದ 1990ರವರೆಗೆ ಪರೀಕ್ಷಿಸಿ ತೋರಿಸಿದ್ದು ಇದೇ ಜಿಲ್ಲೆಯಲ್ಲಿ. ಸಾಮಾನ್ಯ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಮಾತ್ರೆಗಳನ್ನು ಹತ್ತಿರದಲ್ಲೇ ಸಿಗುವಂತೆ ಮಾಡಿದ ಆ ಕ್ರಮಕ್ಕೆ ‘ಬಳ್ಳಾರಿ ಮಾದರಿ’ ಎಂದೇ ಹೆಸರಾಯಿತು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಅಡಿಪಾಯ. ಆದರೂ ಬೀದಿಯಲ್ಲಿ ಕೂಗಾಡುವ ರೋಗಿ ಎಲ್ಲರ ಕಣ್ಣಿಗೆ ಬೀಳುತ್ತಾನೆ, ಬಚ್ಚಲಲ್ಲಿ ಕೈ ತೊಳೆಯುತ್ತ ನಿಂತವಳು ಬೀಳುವುದಿಲ್ಲ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಗೀಳು ಇರುವವರು ನೂರಕ್ಕೆ ಒಬ್ಬರಿಗಿಂತ ತುಸು ಕಡಿಮೆ. ಸಿರುಗುಪ್ಪದಂಥ ಊರಿಗೆ ಈ ಲೆಕ್ಕ ಹಿಡಿದರೂ ನೂರಾರು ಜನ.

ಬಳ್ಳಾರಿಯಲ್ಲಿ, ಜನ ಈಗಲೂ ವಿಮ್ಸ್ ಎಂದೇ ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗವಿದೆ. ‘ಮನೋಚೈತನ್ಯ’ ಯೋಜನೆಯಲ್ಲಿ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಬರುವ ಏರ್ಪಾಡಿದೆ. ಸಿರುಗುಪ್ಪ, ಕುರುಗೋಡಿನವರು ಯಾವ ಮಂಗಳವಾರ, ಯಾವ ಆಸ್ಪತ್ರೆ ಎಂದು ವಿಚಾರಿಸಿಕೊಂಡು ಹೋಗುವುದು ಒಳಿತು. ಮಾತ್ರೆ ಸಿಗುವಷ್ಟು ಸುಲಭವಾಗಿ ಅಭ್ಯಾಸ ಮಾಡಿಸುವ ಚಿಕಿತ್ಸಕರು ಸಣ್ಣ ಊರುಗಳಲ್ಲಿ ಸಿಗುವುದಿಲ್ಲ ಎಂಬುದು ನಿಜ. ಜಗ್ಗದ ಗೀಳಿಗೆ ನಿಮ್ಹಾನ್ಸ್‌ನಲ್ಲಿ ಪ್ರತ್ಯೇಕ ಕ್ಲಿನಿಕ್ ಇದೆ.

ವೈದ್ಯರ ಹತ್ತಿರ ಹೋದಾಗ ‘ಟೆನ್ಶನ್’ ಎಂದಷ್ಟೇ ಹೇಳಿ ಬರಬೇಡಿ. ದಿನಕ್ಕೆ ಎಷ್ಟು ತಾಸು ಹೋಗುತ್ತಿದೆ, ಏನನ್ನು ಎಷ್ಟು ಸಲ ಮಾಡುತ್ತೀರಿ ಎಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಬಾಯಲ್ಲಿ ಹೇಳಲಾಗದ ಯೋಚನೆಯನ್ನೂ ಬರೆದು ಕೊಡಿ, ಅವರು ಅಂಥದ್ದನ್ನು ಮೊದಲೇ ಕೇಳಿರುತ್ತಾರೆ. ಅಲ್ಲಿಯವರೆಗೂ ತಾಳಲಾಗದಿದ್ದರೆ, ಸಾಯುವ ಯೋಚನೆ ಬರುತ್ತಿದ್ದರೆ, ಈಗಲೇ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.