ಸಂಶೋಧನಾ ಪ್ರಬಂಧಕ್ಕೆ ಎಷ್ಟು 'ಫೈನಲ್' ಕಾಪಿ? ಗೊಂದಲ ತಪ್ಪಿಸುತ್ತೆ ಗಿಟ್, ಬಳಸೋದು ಹೀಗೆ

ಚೆನ್ನೈ: ಗೈಡ್ ಇರುವುದು ತರಮಣಿಯಲ್ಲಿ, ವಿದ್ಯಾರ್ಥಿ ರಜೆಗೆಂದು ಶಿವಮೊಗ್ಗಕ್ಕೆ ಹೋಗಿದ್ದಾರೆ, ಮೂರನೇ ಲೇಖಕರು ಬೆಂಗಳೂರಿನಲ್ಲಿದ್ದಾರೆ. ಒಂದೇ ಪ್ರಬಂಧ 'ಫೈನಲ್', 'ಫೈನಲ್ 2', 'ಫೈನಲ್ ತಿದ್ದಿದ್ದು' ಎಂಬ ಹೆಸರುಗಳಲ್ಲಿ ಮೂವರ ಇಮೇಲ್‌ನಲ್ಲೂ ಓಡಾಡುತ್ತಿದೆ. ಒಬ್ಬರು ಕೋಷ್ಟಕದ ಅಂಕಿ ಸರಿಪಡಿಸಿದ್ದಾರೆ, ಇನ್ನೊಬ್ಬರು ಹಳೆಯ ಕಾಪಿಯಲ್ಲೇ ಪೀಠಿಕೆ ಬರೆದಿದ್ದಾರೆ. ತಪ್ಪು ಅಂಕಿಯ ಕಾಪಿಯೇ ಜರ್ನಲ್‌ಗೆ ಹೋಗಿ ಅಚ್ಚಾದರೆ? ವರ್ಷಗಳ ದುಡಿಮೆಯ ಮೇಲೆ ಅನುಮಾನ ಬರುತ್ತದೆ, ಮೂವರೂ ಉತ್ತರ ಕೊಡಬೇಕಾಗುತ್ತದೆ.

ಐಐಟಿ ಮದ್ರಾಸ್, ತರಮಣಿಯ ಗಣಿತ ವಿಜ್ಞಾನ ಸಂಸ್ಥೆ, ಸಿರುಸೇರಿಯ ಚೆನ್ನೈ ಗಣಿತ ಸಂಸ್ಥೆಯಂಥ ಕೇಂದ್ರಗಳಿರುವ ಈ ಊರಿನಲ್ಲಿ ಹಲವರು ಸೇರಿ ಪ್ರಬಂಧ ಬರೆಯುವುದು ಮಾಮೂಲು. ಈ ತಲೆನೋವಿಗೆ ಸಾಫ್ಟ್‌ವೇರ್ ಎಂಜಿನಿಯರ್‌ಗಳು ಬಳಸುವ 'ವರ್ಷನ್ ಕಂಟ್ರೋಲ್' ಒಳ್ಳೆಯ ಮದ್ದು.

ಏನಿದು ವರ್ಷನ್ ಕಂಟ್ರೋಲ್?

ಅಂಗಡಿಯ ಲೆಕ್ಕದ ಪುಸ್ತಕ ನೆನಪಿಸಿಕೊಳ್ಳಿ. ಹಳೆಯ ಲೆಕ್ಕವನ್ನು ಅಳಿಸುವುದಿಲ್ಲ, ತಾರೀಖು ಹಾಕಿ ಹೊಸದನ್ನು ಕೆಳಗೆ ಬರೆಯುತ್ತಾರೆ. ಇಲ್ಲೂ ಹಾಗೆಯೇ. ಫೈಲ್ ಹೆಸರು ಒಂದೇ. ಯಾರು, ಯಾವಾಗ, ಏನು ಬದಲಿಸಿದರು ಎಂಬುದು ದಾಖಲಾಗುತ್ತದೆ. ಬೇಕೆಂದಾಗ ಹಿಂದಿನ ಹಂತಕ್ಕೆ ಹೋಗಬಹುದು. ಇದಕ್ಕೆ ಹೆಚ್ಚು ಬಳಕೆಯಲ್ಲಿರುವ ಸಾಧನ 'ಗಿಟ್'. ಲಿನಕ್ಸ್ ಜನಕ ಲೈನಸ್ ಟೊರ್ವಾಲ್ಡ್ಸ್ 2005ರಲ್ಲಿ ರೂಪಿಸಿದ ಇದು ಸಂಪೂರ್ಣ ಉಚಿತ.

ಬಳಸುವುದು ಹೇಗೆ?

1. ಗಿಟ್‌ಹಬ್ ಅಥವಾ ಗಿಟ್‌ಲ್ಯಾಬ್‌ನಲ್ಲಿ ಪ್ರಬಂಧಕ್ಕೊಂದು ಪ್ರೈವೇಟ್ ರೆಪಾಸಿಟರಿ ತೆರೆದು ಸಹಲೇಖಕರನ್ನು ಸೇರಿಸಿ.

2. ಕೆಲಸ ಶುರು ಮಾಡುವ ಮೊದಲು 'ಪುಲ್' ಮಾಡಿ. ಉಳಿದವರು ಕಳಿಸಿದ ತಿದ್ದುಪಡಿಗಳು ನಿಮ್ಮ ಕಂಪ್ಯೂಟರ್‌ಗೆ ಬರುತ್ತವೆ.

3. ಒಂದು ತಿದ್ದುಪಡಿ ಮುಗಿದ ಕೂಡಲೇ 'ಕಮಿಟ್' ಮಾಡಿ, ಕಾರಣವನ್ನು ಒಂದು ಸಾಲಿನಲ್ಲಿ ಬರೆಯಿರಿ. 'ಬದಲಾವಣೆ' ಎಂದಷ್ಟೇ ಬರೆದರೆ ಪ್ರಯೋಜನವಿಲ್ಲ; 'ಕೋಷ್ಟಕ 2ರ ಸರಾಸರಿ ಸರಿಪಡಿಸಿದೆ' ಎಂದಿರಲಿ.

4. ಎದ್ದು ಹೋಗುವ ಮುನ್ನ 'ಪುಶ್' ಮಾಡಿ.

5. ಜರ್ನಲ್‌ಗೆ ಕಳಿಸಿದ ದಿನ ಆ ಹಂತಕ್ಕೆ 'ಟ್ಯಾಗ್' ಹಾಕಿ. ತಿಂಗಳುಗಳ ನಂತರ ವಿಮರ್ಶಕರು ಪ್ರಶ್ನೆ ಕೇಳಿದಾಗ, ಅಂದು ಕಳಿಸಿದ್ದು ಏನೆಂದು ಹುಡುಕಾಡಬೇಕಿಲ್ಲ.

ಕಮಾಂಡ್ ಟೈಪ್ ಮಾಡಲು ಅಂಜಿಕೆಯೇ? ಗಿಟ್‌ಹಬ್ ಡೆಸ್ಕ್‌ಟಾಪ್‌ನಲ್ಲಿ ಇವೆಲ್ಲಕ್ಕೂ ಮೌಸ್ ಸಾಕು. ಇಬ್ಬರು ಒಂದೇ ಸಾಲನ್ನು ಬೇರೆ ಬೇರೆಯಾಗಿ ತಿದ್ದಿದ್ದರೆ ಗಿಟ್ ಅಲ್ಲೇ ನಿಂತು ಎರಡನ್ನೂ ತೋರಿಸುತ್ತದೆ. ಯಾವುದು ಸರಿ ಎಂದು ತೀರ್ಮಾನಿಸುವವರು ನೀವೇ.

ಮಳೆ ಬಂದರೂ ಕೆಲಸ ನಿಲ್ಲದು

2015ರ ಡಿಸೆಂಬರ್ ಪ್ರವಾಹ ಮತ್ತು 2023ರ ಡಿಸೆಂಬರ್‌ನ ಮಿಚಾಂಗ್ ಚಂಡಮಾರುತದ ವೇಳೆ ಚೆನ್ನೈನ ಹಲವು ಬಡಾವಣೆಗಳಲ್ಲಿ ದಿನಗಟ್ಟಲೆ ಕರೆಂಟ್, ಇಂಟರ್ನೆಟ್ ಇರಲಿಲ್ಲ. ಗಿಟ್‌ನಲ್ಲಿ ಕಮಿಟ್ ಮಾಡಲು ಇಂಟರ್ನೆಟ್ ಬೇಕಿಲ್ಲ. ಪುಲ್, ಪುಶ್‌ಗೆ ಮಾತ್ರ ಬೇಕು. ಪ್ರಬಂಧದ ಪೂರ್ತಿ ಚರಿತ್ರೆ ಪ್ರತಿಯೊಬ್ಬರ ಕಂಪ್ಯೂಟರ್‌ನಲ್ಲೂ ಇರುತ್ತದೆ. ಒಂದು ಲ್ಯಾಪ್‌ಟಾಪ್ ನೀರುಪಾಲಾದರೂ ಇನ್ನೊಬ್ಬರ ಕಾಪಿಯಿಂದ ಪ್ರಬಂಧ ವಾಪಸ್ ಸಿಗುತ್ತದೆ. ಆದರೆ ಪುಶ್ ಮಾಡದೆ ಉಳಿಸಿಕೊಂಡದ್ದು ಲ್ಯಾಪ್‌ಟಾಪ್ ಜೊತೆಗೇ ಹೋಗುತ್ತದೆ. ಹೀಗಾಗಿ ಮಳೆಯ ಮುನ್ಸೂಚನೆ ಬಂದ ಕೂಡಲೇ ಮೊದಲು ಪುಶ್ ಮಾಡಿಬಿಡಿ.

ವರ್ಡ್ ಬಳಸುವವರು ಏನು ಮಾಡಬೇಕು?

ಗಿಟ್ ಬದಲಾವಣೆಗಳನ್ನು ಸಾಲು ಸಾಲಾಗಿ ಹೋಲಿಸುತ್ತದೆ. ಲೇಟೆಕ್‌ನಂಥ ಸಾದಾ ಪಠ್ಯಕ್ಕೆ ಅದು ಹೇಳಿ ಮಾಡಿಸಿದ್ದು. ಒಂದು ವಾಕ್ಯಕ್ಕೆ ಒಂದು ಸಾಲು ಎಂದು ಬರೆದರೆ ಹೋಲಿಕೆ ಇನ್ನೂ ಸುಲಭ. ವರ್ಡ್ ಫೈಲ್‌ನಲ್ಲಿ ಈ ಅನುಕೂಲ ಸಿಗದು. ಅಂಥವರು ಗೂಗಲ್ ಡಾಕ್ಸ್‌ನಲ್ಲಿ ಬರೆದು, 'ವರ್ಷನ್ ಹಿಸ್ಟರಿ'ಯಲ್ಲಿ ಮುಖ್ಯ ಹಂತಗಳಿಗೆ ಹೆಸರಿಡಬಹುದು.

ಈ ಎಚ್ಚರಿಕೆ ಇರಲಿ

ರೋಗಿಗಳ ಮಾಹಿತಿ, ಪಾಸ್‌ವರ್ಡ್‌ಗಳನ್ನು ರೆಪಾಸಿಟರಿಗೆ ಹಾಕಲೇಬೇಡಿ. ನಂತರ ಫೈಲ್ ಅಳಿಸಿದರೂ ಹಳೆಯ ಕಮಿಟ್‌ನಲ್ಲಿ ಅದು ಉಳಿದಿರುತ್ತದೆ.

ಇನ್ನೊಂದು ಮಾತು. ಮೂವರಲ್ಲಿ ಒಬ್ಬರು ಇಮೇಲ್‌ನಲ್ಲೇ ಕಾಪಿ ಕಳಿಸುತ್ತಿದ್ದರೂ ಹಳೆಯ ಗೊಂದಲ ಮತ್ತೆ ಶುರುವಾಗುತ್ತದೆ. ಆದ್ದರಿಂದ ಪ್ರಬಂಧದ ಮೊದಲ ಸಾಲು ಬರೆಯುವ ಮುನ್ನವೇ ಎಲ್ಲರೂ ಕೂತು ಈ ನಿಯಮಕ್ಕೆ ಒಪ್ಪಿಕೊಳ್ಳಿ.