ಗಾಳಿಯಿಂದ ಕುಡಿಯುವ ನೀರು: ನಮ್ಮ ಕಡೆ ಎಷ್ಟು ಸಿಕ್ಕೀತು?

ನಾನು ಕುಷ್ಟಗಿ ತಾಲ್ಲೂಕಿನ ಒಣಬೇಸಾಯಗಾರ. ಓದಿದ್ದು ಏಳನೇ ಇಯತ್ತೆ. ನಮ್ಮೂರ ಬೋರಿನ ನೀರಲ್ಲಿ ಫ್ಲೋರೈಡ್ ಹೆಚ್ಚು. ಅಣ್ಣನ ಮೊಣಕಾಲು ಬಗ್ಗುವುದಿಲ್ಲ, ಮೊಮ್ಮಗನ ಹಲ್ಲಿಗೆ ಕಂದು ಕಲೆ. ಕಳೆದ ವರ್ಷ ಒಬ್ಬರು ಬಂದು, "ಗಾಳ್ಯಾಗಿಂದ ನೀರು ತೆಗೆಯೋ ಯಂತ್ರ ಐತಿ, ದಿನಕ್ಕ ನೂರು ಲೀಟರ್" ಅಂದರು. ಊರವರು ಪಟ್ಟಿ ಎತ್ತಲು ತಯಾರಾದರು.

ಅವರ ಮಾತು ಸುಳ್ಳಲ್ಲ. ನಮ್ಮವ್ವ ಎರೆ ಹೊಲದ ಕಡಲೆ ಮೇಲೆ ರಾತ್ರಿ ಬಟ್ಟೆ ಹಾಸಿ, ಮುಂಜಾನೆ ಹಿಂಡಿ ಹುಳಿ ತೆಗೆಯುತ್ತಿದ್ದಳು. ಹುಳಿ ಗಿಡದ್ದು, ನೀರು ಗಾಳಿಯದು. ತಣ್ಣೀರು ತುಂಬಿದ ಸ್ಟೀಲ್ ಚೊಂಬು ಬೆವರುವುದೂ ಇದೇ ಲೆಕ್ಕ. 30 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 30 ಗ್ರಾಂ ನೀರಾವಿ ಹಿಡಿದೀತು, 20 ಡಿಗ್ರಿಯಲ್ಲಿ 17 ಗ್ರಾಂ ಮಾತ್ರ. ತಂಪಾದಾಗ ಹೆಚ್ಚಾದದ್ದು ಹನಿಯಾಗುತ್ತದೆ. ಯಂತ್ರ ಫ್ರಿಜ್ಜಿನಂತೆ ತಂಪು ಮಾಡಿ ಇದನ್ನೇ ಮಾಡುತ್ತದೆ. ಬೆಂಗಳೂರಿನ ಉರವು ಲ್ಯಾಬ್ಸ್‌ನವರದು ಬೇರೆ ದಾರಿ: ಉಪ್ಪಿನ ದ್ರಾವಣಕ್ಕೆ ತೇವ ಹೀರಿಸಿ, ಕಾಯಿಸಿ ನೀರು ಬಿಡಿಸುತ್ತಾರೆ. ಇಂಥ ನೀರಲ್ಲಿ ಫ್ಲೋರೈಡ್ ಇರುವುದಿಲ್ಲ.

ತೊಡಕು ಎಲ್ಲಿ? ಮಳೆಗಾಲದಲ್ಲಿ 28 ಡಿಗ್ರಿ, ತೇವಾಂಶ 80 ಇದ್ದರೆ, ನಾಲ್ಕು ಡಿಗ್ರಿ ತಂಪು ಮಾಡಿದರೆ ಹನಿ ಶುರು. ಏಪ್ರಿಲ್ ಮಧ್ಯಾಹ್ನ 40 ಡಿಗ್ರಿ, ತೇವಾಂಶ 20 ಇದ್ದರೆ, 13 ಡಿಗ್ರಿಗಿಂತ ಕೆಳಗೆ ಇಳಿಸಬೇಕು. ಅಂದರೆ ನೀರು ಬೇಕಾದಾಗ ಯಂತ್ರ ಸೋಲುತ್ತದೆ, ಮಳೆ ಬರುವಾಗ ಗೆಲ್ಲುತ್ತದೆ. ತೇವ ಚೆನ್ನಾಗಿದ್ದಾಗಲೇ ಲೀಟರಿಗೆ ಅರ್ಧ ಯೂನಿಟ್ ಹತ್ತಿರ ಕರೆಂಟು ಬೇಕು, ಒಣ ಗಾಳಿಯಲ್ಲಿ ಇನ್ನೂ ಹೆಚ್ಚು. 2022ರಲ್ಲಿ ಮುಂಬಯಿಯ ರೈಲು ನಿಲ್ದಾಣಗಳಲ್ಲಿ ಇಂಥ ಯಂತ್ರ ಇಟ್ಟರು. ಅದು ಸಮುದ್ರದ ದಂಡೆ. ಗಂಗಾವತಿಯಲ್ಲಿ ಕಾಲುವೆ, ಭತ್ತದ ಗದ್ದೆ ಇವೆ. ಕುಷ್ಟಗಿ, ಯಲಬುರ್ಗಾದ ಬೇಸಿಗೆ ಹಾಗಲ್ಲ.

ಗುಜರಾತಿನ ಕಛ್‌ನಲ್ಲಿ, ಕೋಠಾರಾ ಎಂಬಲ್ಲಿ, ಅಹಮದಾಬಾದ್ ಐಐಎಂನ ಗಿರ್ಜಾ ಶರಣ್ ಎಂಬುವರು ಛಾವಣಿಯಿಂದ ಇಬ್ಬನಿ ಹಿಡಿದು ತೋರಿಸಿದ್ದಾರೆ. ನಾನೂ ನೋಡೋಣ ಅಂತ ಪುಷ್ಯದಲ್ಲಿ 2 ಮೀಟರ್ ಅಗಲ, 3 ಮೀಟರ್ ಉದ್ದದ ಪ್ಲಾಸ್ಟಿಕ್ ಹಾಳೆಯನ್ನು ಓರೆಯಾಗಿ ಕಟ್ಟಿ, ಕೆಳಗೆ ಬಕೆಟ್ ಇಟ್ಟೆ. ಹತ್ತು ರಾತ್ರಿ ಅಳೆದೆ. ಹೆಚ್ಚೆಂದರೆ ಅರ್ಧ ಲೀಟರ್. ಮೂರು ರಾತ್ರಿ ಏನೂ ಇಲ್ಲ. ಚೈತ್ರದಲ್ಲಿ ಮತ್ತೆ ಕಟ್ಟಿದೆ, ಹಾಳೆ ಬರೇ ಒಣ.

ಈಗ ಮಳೆಯ ಲೆಕ್ಕ ನೋಡಿ. 300 ಚದರ ಅಡಿ ತಗಡಿನ ಮೇಲೆ ವರ್ಷಕ್ಕೆ 550 ಮಿ.ಮೀ. ಮಳೆ ಬಿದ್ದರೆ ಸುಮಾರು 15,000 ಲೀಟರ್. ಐದನೇ ಒಂದು ಪಾಲು ಹಾಳಾದರೂ 12,000 ಉಳಿಯಿತು. ಐದು ಜನರಿಗೆ ಕುಡಿಯಲು, ಅಡಿಗೆಗೆ ದಿನಕ್ಕೆ 25 ಲೀಟರ್. ಮಳೆ ಇಲ್ಲದ 200 ದಿನಕ್ಕೆ 5,000 ಲೀಟರ್ ಟಾಕಿ ಸಾಕು. ಮೊದಲ ಮಳೆಯ ನೀರು ಹೊರಗೆ ಬಿಡಬೇಕು. ಉಸುಕು, ಇದ್ದಿಲಲ್ಲಿ ಸೋಸಬೇಕು. ಟಾಕಿಗೆ ಬೆಳಕು, ಸೊಳ್ಳೆ ಹೋಗಬಾರದು. ಕುದಿಸಿ ಕುಡಿಯಬೇಕು.

ಈ ಲೆಕ್ಕ ಊರ ಕಟ್ಟೆಯ ಮೇಲೆ ಓದಿದೆ. ಯಂತ್ರದವರಿಗೆ ಒಂದೇ ಪ್ರಶ್ನೆ ಕೇಳಿದೆವು: "ನೂರು ಲೀಟರ್ ಅಂದಿರಲ್ಲ, ಎಷ್ಟು ಡಿಗ್ರಿ, ಎಷ್ಟು ತೇವಾಂಶದಾಗ?" ಚೀಟಿ ತೆಗೆದು ನೋಡಿದರು: 30 ಡಿಗ್ರಿ, 80. "ನಮ್ಮೂರ ಏಪ್ರಿಲ್‌ನಾಗ ಎಷ್ಟು?" ಅಂದದ್ದಕ್ಕೆ ಉತ್ತರ ಬರಲಿಲ್ಲ. ಪಟ್ಟಿ ನಿಂತಿತು. ಮೊದಲ ಟಾಕಿ ಅಣ್ಣನ ಮನೆಗೆ ಕಟ್ಟಿದೆವು. ಅವನ ಕಾಲು ಮತ್ತೆ ನೆಟ್ಟಗಾಗುವುದಿಲ್ಲ. ಮನೆಯಲ್ಲಿ ಹಲ್ಲು ಮೂಡದ ಕೂಸು ಒಂದಿದೆ, ಟಾಕಿ ಅದಕ್ಕಾಗಿ.