ಆಟಗಾರರ ಉಳಿಸಿಕೊಳ್ಳುವಿಕೆ (ಐಪಿಎಲ್)

ಇಂಡಿಯನ್ ಪ್ರೀಮಿಯರ್ ಲೀಗ್‌ನಲ್ಲಿ ತಂಡವೊಂದು ತನ್ನ ಕೆಲವು ಆಟಗಾರರನ್ನು ಹರಾಜಿಗೆ ಬಿಡದೆ ತನ್ನಲ್ಲಿಯೇ ಇರಿಸಿಕೊಳ್ಳುವ ವ್ಯವಸ್ಥೆಯನ್ನು ಆಟಗಾರರ ಉಳಿಸಿಕೊಳ್ಳುವಿಕೆ ಎನ್ನುತ್ತಾರೆ. ಕ್ರೀಡಾವರದಿಗಳಲ್ಲಿ 'ರಿಟೆನ್ಷನ್' ಎಂಬ ಪದವೇ ಹೆಚ್ಚು ರೂಢಿಯಲ್ಲಿದೆ. ಇದು ಅಮೆರಿಕದ ಬೇಸ್‌ಬಾಲ್‌ನ ಒಪ್ಪಂದ ವಿಸ್ತರಣೆಗೆ ಹತ್ತಿರವಾದದ್ದು, ಆದರೆ ಅದೇ ಅಲ್ಲ. ಅಲ್ಲಿ ವರ್ಷಗಳೂ ಹಣವೂ ಮಾತುಕತೆಯಿಂದ ನಿರ್ಧಾರವಾಗುತ್ತವೆ. ಇಲ್ಲಿ ಎಷ್ಟು ಮಂದಿಯನ್ನು ಉಳಿಸಿಕೊಳ್ಳಬಹುದು, ಅದಕ್ಕಾಗಿ ತಂಡದ ಹರಾಜು ನಿಧಿಯಿಂದ ಎಷ್ಟು ಕಳೆಯಬೇಕು ಎಂಬುದನ್ನು ಲೀಗ್ ಮೊದಲೇ ಗೊತ್ತುಮಾಡುತ್ತದೆ.

ರಾಯಲ್ ಚಾಲೆಂಜರ್ಸ್ ಬೆಂಗಳೂರು

2008ರ ಮೊದಲ ಹರಾಜಿನಲ್ಲಿ ಉಳಿಸಿಕೊಳ್ಳುವ ಪ್ರಶ್ನೆಯೇ ಇರಲಿಲ್ಲ. ಕೆಲವು ತಂಡಗಳಿಗೆ ಮಾತ್ರ 'ಐಕಾನ್' ಆಟಗಾರರಿದ್ದು, ಬೆಂಗಳೂರಿಗೆ ರಾಹುಲ್ ದ್ರಾವಿಡ್ ಆ ಸ್ಥಾನದಲ್ಲಿದ್ದರು. ಐಕಾನ್ ಆಟಗಾರನಿಗೆ ತಂಡದ ಅತಿ ಹೆಚ್ಚು ಬೆಲೆಯ ಆಟಗಾರನಿಗಿಂತ ಶೇ. 15ರಷ್ಟು ಹೆಚ್ಚು ಸಂಭಾವನೆ ಸಲ್ಲುತ್ತಿತ್ತು.

2011ರಲ್ಲಿ ಪ್ರತಿ ತಂಡವೂ ನಾಲ್ವರವರೆಗೆ ಉಳಿಸಿಕೊಳ್ಳಬಹುದಾಗಿತ್ತು. ಮುಂಬೈ ಮತ್ತು ಚೆನ್ನೈ ನಾಲ್ವರನ್ನೂ ಉಳಿಸಿಕೊಂಡವು. ಬೆಂಗಳೂರು ವಿರಾಟ್ ಕೊಹ್ಲಿ ಒಬ್ಬರನ್ನೇ ಉಳಿಸಿಕೊಂಡಿತು. ಪರಿಣಾಮವಾಗಿ ಕರ್ನಾಟಕದ ಆಟಗಾರರು ಚದುರಿದರು. ದ್ರಾವಿಡ್ ರಾಜಸ್ಥಾನಕ್ಕೆ, ರಾಬಿನ್ ಉತ್ತಪ್ಪ ಪುಣೆಗೆ, ದಾವಣಗೆರೆಯ ವೇಗದ ಬೌಲರ್ ಆರ್. ವಿನಯ್ ಕುಮಾರ್ ಕೊಚ್ಚಿ ತಂಡಕ್ಕೆ ಹೋದರು. ಕೊಚ್ಚಿ ತಂಡ ಒಂದೇ ಋತುವಿನ ನಂತರ ರದ್ದಾಯಿತು. 2012ರ ಹರಾಜಿನಲ್ಲಿ ಅದೇ ವಿನಯ್ ಕುಮಾರ್ ಅವರನ್ನು ಬೆಂಗಳೂರು 10 ಲಕ್ಷ ಡಾಲರ್ ಕೊಟ್ಟು ಮರಳಿ ಪಡೆಯಿತು. ತಾನೇ ಬಿಟ್ಟ ಆಟಗಾರನಿಗೆ ತಂಡವೊಂದು ಹೀಗೆ ದುಬಾರಿ ಬೆಲೆ ತೆತ್ತದ್ದು ಈ ವ್ಯವಸ್ಥೆಯ ತೊಡಕನ್ನು ಚೆನ್ನಾಗಿ ತೋರಿಸುತ್ತದೆ.

2018ರಲ್ಲಿ ಕೊಹ್ಲಿ (17 ಕೋಟಿ ರೂ.), ಎ.ಬಿ. ಡಿವಿಲಿಯರ್ಸ್ (11 ಕೋಟಿ) ಮತ್ತು ಸರ್ಫರಾಜ್ ಖಾನ್ (1.75 ಕೋಟಿ) ಉಳಿದರು. ಉಳಿಯದ ಕೆ.ಎಲ್. ರಾಹುಲ್ ಅವರನ್ನು ಪಂಜಾಬ್ 11 ಕೋಟಿಗೆ ಕೊಂಡಿತು. ಆ ಋತುವಿನಲ್ಲಿ ಅವರು 659 ರನ್ ಗಳಿಸಿದರು. 2022ರಲ್ಲಿ ಕೈಬಿಟ್ಟ ಯುಜುವೇಂದ್ರ ಚಾಹಲ್ ರಾಜಸ್ಥಾನದ ಪರವಾಗಿ 27 ವಿಕೆಟ್ ಪಡೆದು ಆ ವರ್ಷದ ಅಗ್ರ ಬೌಲರ್ ಆದರು. 2025ರ ಹರಾಜಿಗೆ ಮುನ್ನ ಕೊಹ್ಲಿ (21 ಕೋಟಿ), ರಜತ್ ಪಾಟೀದಾರ್ (11 ಕೋಟಿ), ಯಶ್ ದಯಾಳ್ (5 ಕೋಟಿ) ಅವರನ್ನು ಉಳಿಸಿಕೊಂಡ ತಂಡದ ಕೈಯಲ್ಲಿ 120 ಕೋಟಿಯಲ್ಲಿ 83 ಕೋಟಿ ಮಿಕ್ಕಿತು. ಪಾಟೀದಾರ್ ನಾಯಕತ್ವದಲ್ಲಿ ತಂಡ 2025ರ ಜೂನ್ 3ರಂದು ಮೊದಲ ಬಾರಿಗೆ ಪ್ರಶಸ್ತಿ ಗೆದ್ದಿತು.

ರೈಟ್ ಟು ಮ್ಯಾಚ್

2014ರಲ್ಲಿ ಬಂದ ಈ ನಿಯಮದಂತೆ, ಹರಾಜಿನಲ್ಲಿ ಬೇರೆ ತಂಡ ಕೂಗಿದ ಅಂತಿಮ ಬೆಲೆಗೇ ಹಳೆಯ ತಂಡವು ಆಟಗಾರನನ್ನು ಮರಳಿ ಪಡೆಯಬಹುದು. 2022ರಲ್ಲಿ ಇದನ್ನು ಕೈಬಿಡಲಾಗಿತ್ತು. 2025ರ ಹರಾಜಿನಲ್ಲಿ ಮರಳಿ ತಂದಾಗ, ಕೂಗಿದ ತಂಡಕ್ಕೆ ಬೆಲೆಯನ್ನು ಇನ್ನೊಮ್ಮೆ ಏರಿಸುವ ಅವಕಾಶ ನೀಡಲಾಯಿತು.

ಗಣಕಯಂತ್ರದ ನಿರ್ವಹಣಾ ಆಟಗಳಲ್ಲಿ

ಔಟ್ ಆಫ್ ದಿ ಪಾರ್ಕ್ ಬೇಸ್‌ಬಾಲ್‌ನಂತಹ ಆಟಗಳಲ್ಲಿ ಆಟಗಾರನ ಬೇಡಿಕೆಯನ್ನು ತಂತ್ರಾಂಶವೇ ಲೆಕ್ಕಹಾಕುತ್ತದೆ. ಈ ಲೆಕ್ಕ ಸ್ವಲ್ಪ ತಪ್ಪಿದರೂ ಉದಯೋನ್ಮುಖ ಆಟಗಾರ ಅಗ್ಗದ ದೀರ್ಘ ಒಪ್ಪಂದಕ್ಕೆ ಒಪ್ಪುತ್ತಾನೆ, ಇಲ್ಲವೆ ವಯಸ್ಸಾದವನಿಗೆ ಅತಿಯಾದ ಹಣ ಹೋಗುತ್ತದೆ. ಇದನ್ನು ಅವಾಸ್ತವಿಕವೆಂದು ತಳ್ಳಿಹಾಕುವುದೂ ಸುಲಭವಲ್ಲ: 2019ರಲ್ಲಿ ಅಟ್ಲಾಂಟಾದ ಓಜಿ ಆಲ್ಬೀಸ್ 7 ವರ್ಷಗಳಿಗೆ 3.5 ಕೋಟಿ ಡಾಲರ್‌ಗೆ ಸಹಿಮಾಡಿದಾಗ ಅದು ತೀರಾ ಅಗ್ಗದ ಒಪ್ಪಂದವೆಂಬ ಟೀಕೆ ಕೇಳಿಬಂದಿತ್ತು.